ಗ್ರಹಣ ಬಿಡುವ ತನಕ

ಎಂಬತ್ತರ ಸೂರ್ಯಗ್ರಹಣದ ಮಧ್ಯಾಹ್ನ. ನಾನು ಬಾಡಿಗೆಗಿದ್ದ ಅಲೆವೂರಿನ ಮನೆಯಲ್ಲಿ ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿದ್ದರು. ಗ್ರಹಣ ಬಿಡುವ ತನಕ ಊಟವಿಲ್ಲ. ಇಂಗ್ಲಿಷ್ ಮಾಸ್ಟ್ರಾದ ನಾನು ಹಸಿವು ಮರೆಯಲು ಮನೆಯೊಡತಿ ಸುಮತಿಯಕ್ಕನಿಗೆ ಪಾಠ ಶುರುಮಾಡಿದೆ.

"ಎಕ್ಲಿಪ್ಸ್ ಅನ್ನುವುದು ಮೂಲದಲ್ಲಿ ಗ್ರೀಕರ ಮಾತು. ಬಿಟ್ಟು ಹೋಗುವುದು ಅಂತ ಅರ್ಥ."

ಅವರು ಭರಣಿಯ ಮೇಲಿನ ದರ್ಭೆ ಸರಿಮಾಡತೊಡಗಿದರು. ದುಬೈಗೆ ಹೋದ ಗಂಡನ ಕಾಗದ ಬಾರದೆ ಮೂರು ತಿಂಗಳಾಗಿತ್ತು. ನಾನು ನಾಲಗೆ ಕಚ್ಚಿಕೊಂಡೆ.

ಅವರೇ ಹೇಳಿದರು: "ಆ ಗ್ರೀಕರ ಸೂರ್ಯ ಹಾಗಿರಬಹುದು ಮಾಸ್ಟ್ರೆ. ನಮ್ಮದು ಗ್ರಹಣ, ನಮ್ಮ ಸೂರ್ಯನನ್ನು ಹಿಡಿದಿಟ್ಟದ್ದು ಅಲ್ವಾ? ಬಿಟ್ಟ ಕೂಡಲೇ ಬರ್ತಾನೆ."

ನನಗೆ ಹೋದ ಜೀವ ಬಂದಂತಾಯಿತು. ಸಂಜೆ ಬಿಸಿಲು ಬಂತು, ಸ್ನಾನವಾಯಿತು, ಗಂಜಿಯೂ ಸಿಕ್ಕಿತು. ಮುಂದಿನ ವಾರ ದುಬೈಯಿಂದ ಕಾಗದ ಬಂತು. ಕಂಪೆನಿಯವರು ಅಂತೂ ರಜೆ ಕೊಟ್ಟರಂತೆ.

ಅಂದಿನಿಂದ ಪದಗಳ ಮೂಲವನ್ನು ನಾನು ಊಟವಾದ ಮೇಲೆಯೇ ಹೇಳುವುದು.