ಎಲೆ ಮುಟ್ಟಗೊಡದ ಮಾಲಿ

ಆ ಬೆಳಿಗ್ಗೆಯೂ ಎಂದಿನಂತೆ ಅತ್ತೆಗೆ ರಾಗಿ ಗಂಜಿ ತೆಗೆದುಕೊಂಡು ಶಿರಾದ ಆರೈಕೆ ಮನೆಗೆ ಹೋದೆ. ಕೊನೆಯ ದಿನಗಳಲ್ಲಿರುವ ರೋಗಿಗಳೂ ಅವರ ಮನೆಯವರೂ ಕೂತು ಹಗುರಾಗಲೆಂದು ಅಲ್ಲೊಂದು ತೋಟವಿತ್ತು. ಅದರ ಮಾಲಿ ಮಾತ್ರ ಯಾರನ್ನೂ ಹಗುರಾಗಲು ಬಿಡುತ್ತಿರಲಿಲ್ಲ. "ನೋಡಿ, ಮುಟ್ಬ್ಯಾಡಿ!" ಎಂದು ದಿನವಿಡೀ ಗದರುತ್ತಿದ್ದರು.

ಅವತ್ತು ನೋಡಿದರೆ ಕಣಗಿಲೆ ಗಿಡಗಳೆಲ್ಲ ಬೇರುಸಮೇತ ಕಿತ್ತು ಬೇಲಿಯಾಚೆ ರಾಶಿ ಬಿದ್ದಿದ್ದವು.

"ಯಾಕೆ ಕಿತ್ರಿ?" ಎಂದು ಮಾಲಿಯನ್ನು ಕೇಳಿದೆ.

"ರೋಗ ಬಂದಿತ್ತು ಕಣಮ್ಮ," ಎಂದು ಮುಖ ತಿರುಗಿಸಿದರು. ಎಲೆಗಳೋ ಹಸಿರಾಗಿ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಹುಲಿಕುಂಟೆಯ ರೋಗಿ ಅಜ್ಜನ ಮಗಳು ಮೇಕೆ ಹಿಡಿದುಕೊಂಡು ಬಂದಳು. "ನನ್ ಮ್ಯಾಕೆ ತೋರ್ಸಿ" ಎನ್ನುವುದು ಬಿಟ್ಟರೆ ಅಜ್ಜ ವಾರದಿಂದ ಬೇರೆ ಮಾತೇ ಆಡಿರಲಿಲ್ಲ. ಗೇಟು ತೆರೆದವರು ಮಾಲಿಯೇ. ಕಣಗಿಲೆ ಮೇಕೆಗೆ ವಿಷವೆಂದು ನನಗೆ ಆಗ ಹೊಳೆಯಿತು.

ಮೇಕೆ ನೇರವಾಗಿ ದಾಸವಾಳಕ್ಕೆ ಬಾಯಿ ಹಾಕಿತು. ಗಾಲಿಕುರ್ಚಿಯಲ್ಲಿದ್ದ ಅಜ್ಜ ಅದರ ಬೆನ್ನು ಸವರಿ, "ತಿನ್ನೇ, ಯಾರೂ ಏನೂ ಅನ್ನಲ್ಲ," ಎಂದು ನಕ್ಕರು.

ಮಾಲಿ ಕಣ್ಣು ಮುಚ್ಚಿಕೊಂಡು, "ಬ್ಯಾಗ ತಿನ್ನಕ್ ಹೇಳಜ್ಜ, ಎದೆ ಹೊಡ್ಕಂತೈತೆ," ಎಂದರು.

ಸಂಜೆ ಪಕ್ಕದ ಮನೆಯ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಸೊಪ್ಪು ಬಿಡಿಸುತ್ತಲೇ ಅವರು, "ಅಲ್ಲಾ, ನಿಮ್ಮತ್ತೇನ ನೋಡಕ್ ಬಂದಾಗ ಪೂಜೆಗೆ ಒಂದೇ ಒಂದ್ ಹೂವ ಕಿತ್ತಿದ್ದಕ್ಕೆ ನನ್ನ ರೋಡ್‌ಗಂಟ ಓಡ್ಸ್ಕಂಡ್ ಬಂದಿದ್ನಲ್ಲಮ್ಮ!" ಎಂದರು.