ಕನ್ಯಾ ನೋಡಾಕ ಬಂದ್ರು, ಗುಣಾಕಾರ ಹಾಕಿದ್ರು

ನಮ್ಮ ಮಂದಿಯಲ್ಲಿ ಹುಡುಗಿ ನೋಡಲು ಬಂದವರು ಎಷ್ಟು ಪ್ಲೇಟ್ ಅವಲಕ್ಕಿ ತಿಂದರೂ ಲೆಕ್ಕಕ್ಕಿಲ್ಲ. ಊಟಕ್ಕೆ ಕುಂತರೆ ಮಾತ್ರ ಒಪ್ಪಿದರು ಅಂತ ಅರ್ಥ. ಅದರಾಗ ಜೈನರ ಮನೆ. ಹೊತ್ತು ಮುಳುಗಿತೋ, ಊಟವೂ ಇಲ್ಲ, ಸಂಬಂಧವೂ ಇಲ್ಲ!

ಹೋದ ರವಿವಾರ ಬೋರಗಾಂವದ ನಮ್ಮ ಅಕ್ಕನ ಮನೆಗೆ ಅಥಣಿ ಕಡೆಯವರು ಬಂದಿದ್ದರು. ಹುಡುಗಿ ಅಂದರೆ ಅಕ್ಕನ ಮಗಳು ಪದ್ಮಾ. ಎಂ.ಎಸ್ಸಿ. ಮ್ಯಾಥ್ಸ್. ಹಿಂದೆ ಬಂದ ಸಂಬಂಧಗಳೆಲ್ಲ ‘ಹುಡುಗಿ ಭಾಳ ಕಲತಾಳ್ರಿ’ ಅಂತ ಜಾರಿದ್ದವು. ಅದಕ್ಕೇ ಅಕ್ಕ ಮಗಳಿಗೆ ಕೈ ಮುಗಿದಿದ್ದಳು, “ಇವತ್ತೊಂದಿನ ಗಣಿತದ ಸುದ್ದಿ ತಗೀಬ್ಯಾಡ ನನ್ನವ್ವಾ!”

ಪದ್ಮಾ ತೆಗೆಯಲಿಲ್ಲ. ತೆಗೆಸಿದವರು ಹುಡುಗನ ಸೋದರಮಾವ. ಹಾಳೆ, ಪೆನ್ನು ಮುಂದಿಟ್ಟು, “ಏನರೆ ಬರದ ತೋರಸವಾ, ಅಕ್ಷರ ನೋಡೂಣು” ಅಂದರು. (ಸೊಸೆಯ ಅಕ್ಷರ ತಗೊಂಡು ಇವರೇನು ಉಪ್ಪಿನಕಾಯಿ ಹಾಕುತ್ತಾರಾ?) ಪದ್ಮಾಳ ಮೂಗು ಕೆಂಪಾಯಿತು. ದಪ್ಪಗೆ ಬರೆದಳು: 142857.

“ಇದೇನವಾ, ಫೋನ್ ನಂಬರಾ?”

“ಎರಡರಿಂದ ಗುಣಿಸ್ರಿ ಮಾಮಾ.”

285714. ಮೂರರಿಂದ? 428571. ಅವೇ ಆರು ಅಂಕಿ, ಅದೇ ಸಾಲು, ಬರೀ ಸುತ್ತು ಹೊಡೆಯುತ್ತಿವೆ! ಸೋದರಮಾವನಿಗೆ ಹುಚ್ಚೇ ಹಿಡಿಯಿತು. ಮೊಬೈಲ್ ತೆಗೆದು ಆರರ ತನಕ ಗುಣಿಸಿ, ತಮ್ಮ ಅಕ್ಕನ ಕಡೆ ತಿರುಗಿದರು. “ನೋಡಕ್ಕಾ, ನಿಮ್ಮ ಮನಿ ಆರ ಮಂದಿ ಇದ್ದಂಗ ಐತಿ. ಕುಂತ ಜಾಗಾ ಬದಲಿಸ್ತಾವ, ಒಂದೂ ಮನಿ ಬಿಟ್ಟ ಹೋಗಂಗಿಲ್ಲ!”

ಹುಡುಗನ ಅವ್ವನ ಮಾರಿ ಅರಳಿತು. ನಮ್ಮಕ್ಕ ಓಡಿಹೋಗಿ ಊಟದ ತಾಟು ತಂದಳು. ಅಷ್ಟರಲ್ಲಿ ಆ ಪುಣ್ಯಾತ್ಮ ಏಳರಿಂದಲೂ ಗುಣಿಸಿಬಿಟ್ಟರು.

999999.

“ಏಳನೇದಾಕಿ ಬಂದ ಕೂಡ್ಲೆ ಹಳೇ ಮಂದಿ ಒಬ್ಬರೂ ಉಳೀಲಿಲ್ಲಲ್ಲೋ!” ಅವ್ವನ ಮಾರಿ ಜೋತುಬಿತ್ತು. ಅಕ್ಕ ತಾಟು ಹಿಡಿದು ನಿಂತಲ್ಲೇ ನಿಂತಳು. ಹೊರಗೆ ಹೊತ್ತು ಇಳಿಯುತ್ತಿತ್ತು. ಮನುಷ್ಯರು ಮುರಿದ ಸಂಬಂಧ ನೋಡಿದ್ದೇನೆ, ಮಗ್ಗಿ ಮುರಿದ ಸಂಬಂಧ ಎಲ್ಲಾದರೂ ಕೇಳಿದ್ದೀರಾ?

“ಅಲ್ರಿ ಅತ್ತಿ, ಎಲ್ಲಾರೂ ಒಂಬತ್ತ ಆದ್ರು. ಅದಕ್ಕಿಂತ ದೊಡ್ಡ ಅಂಕಿ ಯಾವದೈತ್ರಿ?” ಪದ್ಮಾ ಅಂದಳು. ಅವ್ವ ಹಾಳೆ ದೂರ ಸರಿಸಿದರು.

ಅಲ್ಲಿಯತನಕ ಗೋಡೆ ನೋಡುತ್ತ ಕುಂತಿದ್ದ ಹುಡುಗ ಹಾಳೆ ಎಳೆದುಕೊಂಡ.

“ಎಂಟರಿಂದ ನೋಡ್ರಿಲ್ಲೆ. 1142856. ಹಳೇ ಮಂದಿ ತಿರಗಿ ಬಂದೈತಿ, ಕಡೀಗಿದ್ದ ಏಳು ಅಷ್ಟ ಒಡದೈತಿ. ಆರು ಅಲ್ಲೇ ಕುಂತೈತಿ. ಒಂದು ಎದ್ದ ಬಂದು ಮುಂದ ಬ್ಯಾರಿ ನಿಂತೈತಿ!”

ಪದ್ಮಾ ಕಿಸಕ್ಕನೆ ನಕ್ಕಳು. ಇಬ್ಬರೂ ಹಾಳೆಯ ಮೇಲೆ ಬಾಗಿದರು. ಸುತ್ತ ಹಿರಿಯರು ಕುಂತಿದ್ದಾರೆಂಬ ಖಬರೇ ಇಲ್ಲ.

“ಬ್ಯಾರಿ? ಮನಿ ಬಿಟ್ಟ ಬ್ಯಾರಿ?” ಅವ್ವ ದಿಗ್ಗನೆ ಎದ್ದರು. ಮಗನ ಮಾರಿ ನೋಡಿದರು. ಕಿಟಕಿಯಾಚೆ ಹೊತ್ತು ನೋಡಿದರು.

“ಅಗ್ಗಬಾಯಿ! ಲಗೂನ ಊಟಾ ಬಡಸ್ರಿ ಬೀಗರ. ಇವ ಒಂಬತ್ತರಿಂದ ಗುಣಿಸಿದಾ ಅಂದ್ರ ನಾನ ಮನಿ ಬಿಡಬೇಕಾದೀತು!”