ಆಯಿ ಎಂದರೆ ನಾನಲ್ಲ

ಮಗಳ ಇಂಗ್ಲಿಷ್ ಟೀಚರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೊಗಳಿದ ದಿನ ಆದಷ್ಟು ನಾಚಿಕೆ ನನಗೆ ಯಾರ ಬೈಗುಳದಿಂದಲೂ ಆಗಿಲ್ಲ. ಬೈದರೆ ತಿರುಗಿ ಬೈಯುವ ಬಾಯಿ ನನಗಿದೆ, ಓಣಿಯವರನ್ನು ಕೇಳಿ ನೋಡಿ. ಆದರೆ ಹೊಗಳುವವರ ಎದುರು ಏನು ಮಾಡಬೇಕು? ಅದೂ ನನಗೆ ಸಲ್ಲದ ಹೊಗಳಿಕೆ. ಇಷ್ಟು ವರ್ಷಗಳ ಮೇಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಆಗ ಸಾಂಗ್ಲಿಯಲ್ಲಿ ಮುಟ್ಟಿದ್ದೆಲ್ಲ ಸಹಕಾರಿ. ನನ್ನ ಗಂಡ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದರು, ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಮನೆಗೆ ಬರುವ ಹಾಲೂ ಸಹಕಾರಿ ಡೇರಿಯದೇ. ಕೂಸನ್ನು ನೋಡಿಕೊಳ್ಳುವ ಸಹಕಾರಿ ಸಂಘವೊಂದನ್ನು ಮಾತ್ರ ಯಾವ ಪುಣ್ಯಾತ್ಮನೂ ಕಟ್ಟಿರಲಿಲ್ಲ. ಹಾಗಾಗಿ ಮೊಲೆ ಬಿಡಿಸಿದ ಮೇಲೆ ಮಗಳನ್ನು ನನ್ನ ತವರಾದ ಆರಗದಲ್ಲಿ ಅವ್ವನ ಹತ್ತಿರ ಬಿಟ್ಟೆ. ರವಿವಾರ ಬೆಳಿಗ್ಗೆ ಮಿರಜಕ್ಕೆ ಹೋಗಿ, ಅಲ್ಲಿಂದ ಆರಗದ ಬಸ್ಸು ಹಿಡಿದು ಅವಳನ್ನು ನೋಡಲು ಹೋಗುತ್ತಿದ್ದೆ. ಸಂಜೆ ಬಸ್ಸಿಗೆ ವಾಪಸು. ಮೊದಮೊದಲು ಒಂದು ರವಿವಾರವೂ ತಪ್ಪಿಸಲಿಲ್ಲ. ಆಮೇಲೆ ಬಟ್ಟೆ ಒಗೆಯುವುದಿದೆ, ಯಾರದೋ ಮದುವೆಯಿದೆ, ಮೈಯಲ್ಲಿ ಹುಷಾರಿಲ್ಲ ಎಂದು ನೆವ ಸಿಗತೊಡಗಿದವು. ನೆವಕ್ಕೇನು ಬರವೇ!

ಒಂದನೇ ಇಯತ್ತೆಗೆ ಸೇರಿಸುವ ಹೊತ್ತಿಗೆ ಅವಳನ್ನು ಸಾಂಗ್ಲಿಗೆ ಕರೆದುಕೊಂಡು ಬಂದೆವು. ಇಂಗ್ಲಿಷ್ ಶಾಲೆಯೇ ಆಗಬೇಕೆಂದು ಹಟ ಹಿಡಿದವಳು ನಾನೇ. ಬಂದ ಹೊಸದರಲ್ಲಿ ಅವಳು ಓಣಿಯ ತುದಿಯಿಂದ "ಅವ್ವಾ" ಎಂದು ಕೂಗಿದಾಗ, ಪಕ್ಕದ ಮನೆಯಾಕೆ "ನಿಮ್ಮ ಕಾನಡಿ ಹುಡುಗಿ ಕರೀತಿದ್ದಾಳೆ ನೋಡಿ" ಎಂದು ಮರಾಠಿಯಲ್ಲಿ ನಕ್ಕಳು. ಅಂಥ ದೊಡ್ಡ ಮಾತೇನಲ್ಲ ಅದು. ಆದರೂ ನನಗೆ ಚುರ್ ಎಂದಿತು. ಓಣಿಯ ಮಕ್ಕಳೆಲ್ಲ ತಾಯಿಯನ್ನು ಕರೆಯುವ ಹಾಗೆ ಆಯಿ ಎನ್ನು ಅಂತ ಕಲಿಸೋಣವೆಂದರೆ, ಅದು ಆಗುವ ಹಾಗಿರಲಿಲ್ಲ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಅದೇ ಶಬ್ದಕ್ಕೆ ಹೆತ್ತ ತಾಯಿ ಎಂದರ್ಥ. ಮಗಳಿಗೆ ಆಯಿ ಎಂಬವಳು ಒಬ್ಬಳಿದ್ದಳು, ಆರಗದಲ್ಲಿ. ಕೊನೆಗೆ ನಾನು "ಮಮ್ಮಿ" ಆದೆ.

ಅದನ್ನು ಕೇಳಿ ಆರಗದಲ್ಲಿ ನನ್ನ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಮಮ್ಮಿ ಅಂದ್ರ ಏನ ಅದು? ಯಾವುದೋ ಬಿಸ್ಕೀಟಿನ ಹೆಸರಿದ್ದಂಗ ಐತಿ!"

ಮಗಳು ಆರನೇ ಇಯತ್ತೆಯಲ್ಲಿದ್ದಾಗ ಪುಣೆಯಲ್ಲಿ ಕಲಿತು ಬಂದ ಹೊಸ ಟೀಚರೊಬ್ಬರು ಇಂಗ್ಲಿಷಿಗೆ ಸಿಕ್ಕರು. ಇನ್ನೂ ಎಳೆಯ ಪ್ರಾಯ, ಉತ್ಸಾಹದ ಬುಗ್ಗೆ. ಪಾಠದ ಪ್ರಶ್ನೋತ್ತರ ಬಿಟ್ಟು ನಿಮ್ಮ ಬದುಕಿನದೇ ಬರೆಯಿರಿ, ಬರೆದದ್ದರಲ್ಲಿ ನಿಮಗೆ ಇಷ್ಟವಾದದ್ದನ್ನು ಆರಿಸಿ ಒಂದು ಫೈಲಿನಲ್ಲಿ ಇಡಿ ಎಂದು ಮಕ್ಕಳಿಗೆ ಹೇಳಿದರಂತೆ. ಪ್ರತಿ ಬರಹದ ಹಿಂದೆ ಒಂದು ಗುಲಾಬಿ ಹಾಳೆ. ಇದನ್ನು ಯಾಕೆ ಆರಿಸಿದೆ, ಬರೆಯುವಾಗ ಕಷ್ಟವಾದದ್ದೇನು, ಮತ್ತೆ ಬರೆದರೆ ಏನು ಬದಲಿಸುವೆ ಎಂದು ಅದರಲ್ಲಿ ಬರೆಯಬೇಕು. ಆ ಫೈಲಿಗೆ ಪೋರ್ಟ್‌ಫೋಲಿಯೊ ಎಂದು ಹೆಸರು. ನನಗೆ ಗೊತ್ತಿದ್ದ ಪೋರ್ಟ್‌ಫೋಲಿಯೊ ಎಂದರೆ ಪೇಪರಿನಲ್ಲಿ ಬರುವ ಮಂತ್ರಿಗಳ ಖಾತೆ. "ಯಾವ ಖಾತೆ ಕೊಟ್ಟಾರವ್ವ ನಿನಗ? ಹಣಕಾಸೋ, ನೀರಾವರಿಯೋ?" ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ಫೈಲನ್ನು ಅಂಗಿಗೆ ಒತ್ತಿ ಹಿಡಿದುಕೊಂಡು ಒಳಗೆ ಹೋದಳು. ಏನು ಬರೆದೆ ಎಂದು ನಾನೂ ಕೇಳಲಿಲ್ಲ. ಮಾರ್ಚ್ ತಿಂಗಳು, ಬ್ಯಾಂಕಿನಲ್ಲಿ ಉಸಿರಾಡಲು ಪುರಸೊತ್ತಿರಲಿಲ್ಲ.

ಒಂದು ಶನಿವಾರ ತಂದೆತಾಯಂದಿರು ಬಂದು ಫೈಲು ನೋಡಬೇಕೆಂದು ಹೇಳಿ ಕಳಿಸಿದರು. ಗಂಡನಿಗೆ ಪಾಳಿಯಿತ್ತು. ನಾನು ಬ್ಯಾಂಕಿನಿಂದ ನೇರವಾಗಿ ಹೋದೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡು ಕುಳಿತೆ. ಮಗಳು ಪಕ್ಕದಲ್ಲಿ, ಟೀಚರು ಎದುರಿಗೆ. ನನ್ನ ಇಂಗ್ಲಿಷ್ ಏನಿದ್ದರೂ ಬ್ಯಾಂಕಿನ ಕಾಗದಪತ್ರಗಳಷ್ಟಕ್ಕೇ ಎಂದು ಗೊತ್ತಾಗಿ, ಅವರು ಪುಟ ತಿರುವುತ್ತ ಮರಾಠಿಯಲ್ಲಿ ಅರ್ಥ ಹೇಳತೊಡಗಿದರು.

"ನನ್ನ ಆಯಿ ನನ್ನ ಜಡೆಯನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತಾಳೆಂದರೆ ಕಣ್ಣು ಎಳೆದಂತಾಗುತ್ತದೆ."

ಟೀಚರು ಹೇಳುತ್ತಿದ್ದದ್ದು ಮರಾಠಿಯಲ್ಲಿ, ಹಾಗಾಗಿ ಆಯಿ ಎಂದರೆ ನಾನೇ ಎಂದುಕೊಂಡೆ; ನಾನೂ ಬಿಗಿಯಾಗಿಯೇ ಹೆಣೆಯುತ್ತೇನೆ. ಒಂದು ಗಳಿಗೆ ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ, ಕಣ್ಣು ಕೂಡ ತುಂಬಿ ಬಂತು. ಆ ಬೆಂಚಿನಲ್ಲಿ ನಾನು ತಾಯಿಯಾಗಿ ಹೆಮ್ಮೆಯಿಂದ ಕುಳಿತದ್ದು ಅಷ್ಟು ಹೊತ್ತು ಮಾತ್ರ.

ಮುಂದಿನ ಪುಟದಲ್ಲಿ ಆಯಿ ಹೊಲದಲ್ಲಿ ಕಿತ್ತ ಅರಿಸಿನ ಕುದಿಸುತ್ತಿದ್ದಳು. ಎಷ್ಟು ತೊಳೆದರೂ ಅವಳ ಅಂಗೈ ಹಳದಿ, ಅವಳು ತಟ್ಟಿದ ರೊಟ್ಟಿಗೂ ಅದೇ ವಾಸನೆ. ಆಮೇಲೆ ಮಗಳಿಗೆ ಮೈತುಂಬ ಗೊಬ್ಬರ, ಅಂದರೆ ದಡಾರ, ಎದ್ದು ಜ್ವರ ಬಂದಾಗ ಆಯಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹೊಲದ ದಾರಿಯಲ್ಲಿ ನಡೆದು, ಬಸ್ಸು ಹಿಡಿದು ಮಿರಜದ ದವಾಖಾನೆಗೆ ಒಯ್ದಿದ್ದಳು. ಆ ಜ್ವರದ ಸುದ್ದಿ ನನಗೆ ಮುಟ್ಟಿದ್ದು ಅದು ಇಳಿದ ಮೇಲೆ.

ಟೀಚರು ತಲೆ ಎತ್ತಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಹೊಲದ ಕೆಲಸವನ್ನೂ ಮಾಡಿ, ಬ್ಯಾಂಕಿನ ಕೆಲಸವನ್ನೂ ಮಾಡಿ, ಮಗಳನ್ನು ಹೀಗೆ ಬೆಳೆಸಿದ್ದೀರಿ. ನಿಮಗೆ ಕೈ ಮುಗಿಯಬೇಕು" ಎಂದರು. ಮಾತು ಮುಗಿಸುತ್ತ ಅವರ ಕಣ್ಣು ನನ್ನ ಕೈಗಳ ಕಡೆ ಹೊರಳಿತು. ನಾನು ಮುಷ್ಟಿ ಬಿಗಿ ಮಾಡಿ ಸೆರಗಿನೊಳಗೆ ಎಳೆದುಕೊಂಡೆ. ಬೆರಳಿಗೆ ಹತ್ತಿದ್ದದ್ದು ಶಾಯಿ.

ಆಗಲೇ ಹೇಳಬೇಕಿತ್ತು. "ಮೇಡಂ, ಇದು ನಾನಲ್ಲ, ನನ್ನ ತಾಯಿ. ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ." ಎಷ್ಟು ಹೊತ್ತಿನ ಮಾತದು? ಆದರೆ ಹೇಳಿದರೆ ಅವರು ಮುಂದೆ ಕೇಳುತ್ತಿದ್ದರು, ಹಾಗಾದರೆ ನಿಮ್ಮ ಬಗ್ಗೆ ಬರೆದದ್ದು ಎಲ್ಲಿದೆ ಎಂದು. ಅದನ್ನು ನಾನೂ ಹುಡುಕತೊಡಗಿದ್ದೆ. ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತ ಫೈಲನ್ನು ನನ್ನ ಕಡೆಗೆ ಎಳೆದುಕೊಂಡು, ಮಮ್ಮಿ ಎಂಬ ಶಬ್ದಕ್ಕಾಗಿ ಪುಟ ಪುಟ ಕಣ್ಣಾಡಿಸಿದೆ. ಅವಳ ಅಪ್ಪನಿಗೆ ಒಂದು ಪುಟ ಸಿಕ್ಕಿತ್ತು. ಸೈಕಲ್ ಸರಪಳಿಗೆ ಎಣ್ಣೆ ಬಿಟ್ಟದ್ದಕ್ಕೆ ಇಡೀ ಒಂದು ಪುಟ! ಓಣಿಯ ಕುಂಟ ನಾಯಿಗೂ ಒಂದು ಪುಟ. ಐದಾರು ವರ್ಷ ನನ್ನ ಮನೆಯಲ್ಲಿ, ನನ್ನ ಕೈಯಡುಗೆ ಉಂಡವಳು. ಹೆತ್ತ ತಾಯಿಯ ಮೇಲೆಯೇ ನನಗೆ ಹೊಟ್ಟೆಕಿಚ್ಚು, ಹೇಳಿಕೊಳ್ಳಲೂ ನಾಚಿಕೆ.

ಕೊನೆಗೆ ಆರಗದ ಬಸ್ ನಿಲ್ದಾಣದ ಬಗ್ಗೆ ಬರೆದ ಹಾಳೆಯಲ್ಲಿ ಮಮ್ಮಿ ಸಿಕ್ಕಳು, ಒಂದೇ ಸಾಲಿನಲ್ಲಿ. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಮಮ್ಮಿ ಸಂಜೆ ಬಸ್ಸಿಗೆ ಹೋದಳು. ಆದರೆ ಆ ಮಮ್ಮಿಯ ಮೇಲೆ ಕೆಂಪು ಗೆರೆ ಎಳೆದು, ತಲೆಯ ಮೇಲೆ ಆಯಿ ಎಂದು ತಿದ್ದಿತ್ತು.

"ಅದು ನಾನು ತಿದ್ದಿದ್ದು" ಎಂದರು ಟೀಚರು. "ಎಲ್ಲ ಕಡೆ ಆಯಿ ಎಂದು ಬರೆದು ಇಲ್ಲೊಂದು ಕಡೆ ಮಮ್ಮಿ ಎಂದಿದ್ದಾಳೆ. ಒಬ್ಬಳೇ ತಾಯಿಗೆ ಎರಡು ಹೆಸರು ಯಾಕೆ, ಓದುವವರಿಗೆ ಗೊಂದಲವಾಗುತ್ತದೆ ಅಂದೆ. ಹೂಂ ಅಂದಳು."

ಈಗ ಅಲ್ಲಿ ಆಯಿ ಸಂಜೆ ಬಸ್ಸಿಗೆ ಹೋಗಿದ್ದಳು. ನನ್ನ ಅವ್ವ! ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಲ್ದಾಣದಲ್ಲೇ ನಿಂತು, ಬಸ್ಸು ತಿರುಗುವವರೆಗೂ ಅದರ ಕೈ ಹಿಡಿದು ಟಾಟಾ ಮಾಡಿಸುತ್ತಿದ್ದವಳು. ಒಂದು ದಿನವೂ ಬಿಟ್ಟು ಹೋಗದವಳು. ಹೊಗಳಿಕೆ ಕದ್ದದ್ದು ಸಾಲದೆಂದು ನನ್ನ ಹೋಗುವಿಕೆಯನ್ನೂ ಅವಳ ತಲೆಗೆ ಕಟ್ಟಿದಂತಾಗಿತ್ತು. ಇದನ್ನು ಮಾತ್ರ ನಾನು ನುಂಗಲಾರದಾದೆ.

"ಮೇಡಂ, ಇಲ್ಲೊಂದು ತಪ್ಪಾಗಿದೆ" ಎಂದು ಬಾಯಿ ತೆರೆದೆ.

ಬೆಂಚಿನ ಕೆಳಗೆ ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು. ಮುಖ ಎತ್ತದೆ, ಟೀಚರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ಬಹಳ ಮೆಲ್ಲಗೆ ಹೇಳಿದಳು. "ಹೇಳಬ್ಯಾಡ ಮಮ್ಮಿ. ಗೊತ್ತಾದ್ರ, ನಿನ್ನ ಮ್ಯಾಲೂ ಒಂದು ಬರಕೊಂಡ ಬಾ ಅಂತಾರ. ನಾ ಏನ ಬರೀಲಿ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಮನಸ್ಸೂ ಇರಲಿಲ್ಲ. ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದರೆ ಮಕ್ಕಳಿಗೆ ಹೆದರಿಕೆಯಾಗುವುದಿಲ್ಲವೇ, ಅಷ್ಟೇ ಇತ್ತು. ನೆಲ ಬಿರಿದು ನನ್ನನ್ನು ನುಂಗಿದ್ದರೆ ಚೆನ್ನಾಗಿತ್ತು.

"ಏನಂತೆ?" ಟೀಚರು ನಗುತ್ತ ಕೇಳಿದರು. "ಏನೋ ತಪ್ಪು ಅಂದಿರಲ್ಲ?"

"ಏನಿಲ್ಲ" ಎಂದೆ. "ಅವಳಿಗೆ ಹಸಿವಾಗಿದೆಯಂತೆ."

ಆ ಪುಣ್ಯಾತ್ಗಿತ್ತಿ ತಕ್ಷಣ ತಮ್ಮ ಡಬ್ಬಿ ತೆರೆದು, ಮಧ್ಯಾಹ್ನ ಉಳಿದಿದ್ದ ಚಪಾತಿಯೊಂದನ್ನು ಸುರುಳಿ ಸುತ್ತಿ ಮಗಳ ಕೈಗೆ ಕೊಟ್ಟರು. ಮಗಳು ನನ್ನ ಮುಖ ನೋಡಿದಳು, ಚಪಾತಿ ನೋಡಿದಳು. ಆಮೇಲೆ ಹಸಿದವರ ಹಾಗೆ ಗಬಗಬನೆ ಪೂರ್ತಿ ತಿಂದಳು, ನನ್ನ ಮಾತು ಸುಳ್ಳಾಗಬಾರದೆಂದು.